ಎಣ್ಣೆಯ ಸೀಸೆಯನ್ನು ಡಾಕ್ಟರಿಗೂ ತೋರಿಸಿ

ಮೂರ್ಛೆರೋಗವಿರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಅಪ್ಪ ಅಮ್ಮಂದಿರೇ,

ನಾನು ಡಾಕ್ಟರಲ್ಲ. ದಾವಣಗೆರೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವ ಫಾರ್ಮಸಿಸ್ಟ್. ನಿಮ್ಮಂಥ ಅನೇಕರಿಗೆ ತಿಂಗಳು ತಿಂಗಳೂ ವ್ಯಾಲ್‌ಪ್ರೊಯೇಟ್ ಸಿರಪ್ಪು, ಫ್ರಿಸಿಯಂ, ಲೆವಿಪಿಲ್ ಕಟ್ಟಿಕೊಡುವವನು. ಈಚೆಗೆ ಕೆಲವರು ಚೀಟಿಯಲ್ಲಿ ಬರೆದದ್ದನ್ನೆಲ್ಲ ತೆಗೆದುಕೊಂಡ ಮೇಲೆ ಇನ್ನೊಂದನ್ನು ಕೇಳುತ್ತಾರೆ: ಒಂದು ಎಂಎಲ್ ಸಿರಿಂಜು, ಸೂಜಿ ಬೇಡ. ಯಾವುದಕ್ಕೆ ಎಂದು ವಿಚಾರಿಸಿದರೆ ಪಕ್ಕದಲ್ಲಿ ನಿಂತವರನ್ನು ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ.

"ಎಣ್ಣೆ ಕೊಡ್ತಾ ಇದೀವಿ ಅಣ್ಣಾ. ವಿಜಯಾ ಎಣ್ಣೆ. ಫಿಟ್ಸಿಗೆ ಒಳ್ಳೇದಂತೆ."

"ಡಾಕ್ಟರಿಗೆ ಹೇಳಿದೀರಾ?"

"ಅಯ್ಯೋ, ಹೇಳಿದ್ರೆ ಬೈತಾರೆ."

ಆ ಕೊನೆಯ ಮಾತಿನಿಂದಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಎಣ್ಣೆ ಸುಳ್ಳು, ನೀವು ಮೋಸಹೋದಿರಿ ಎಂದು ಹೇಳಲು ಬಂದಿಲ್ಲ. ಹಾಗೆ ಹೇಳಿದರೆ ನಾನೇ ಸುಳ್ಳುಗಾರನಾಗುತ್ತೇನೆ. ಸೀಸೆಯ ಮೇಲೆ ವಿಜಯಾ ಎಂದು ಬರೆದಿರುವುದು ಭಂಗಿ ಗಿಡವನ್ನು. ಗಾಂಜಾ ಬರುವುದೂ ಅದರಿಂದಲೇ. ಆ ಗಿಡದಲ್ಲಿರುವ ನೂರಾರು ರಾಸಾಯನಿಕಗಳಲ್ಲಿ ಎರಡರ ಹೆಸರು ನಿಮಗೆ ಗೊತ್ತಿದ್ದರೆ ಸಾಕು. ಅಮಲೇರಿಸುವುದು ಟಿಎಚ್‌ಸಿ. ಅಮಲೇರಿಸದೆ ಕೆಲವು ಬಗೆಯ ಫಿಟ್ಸನ್ನು ತಗ್ಗಿಸುವುದು ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ. ಈ ಎರಡನೆಯದು ಕಟ್ಟುಕಥೆಯಲ್ಲ. ಅದರಿಂದ ಮಾಡಿದ ಎಪಿಡಿಯೊಲೆಕ್ಸ್ ಎಂಬ ಔಷಧಕ್ಕೆ ಅಮೆರಿಕದ ಎಫ್‌ಡಿಎ 2018ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಇದ್ದದ್ದು ಡ್ರಾವೆಟ್ ಮತ್ತು ಲೆನಾಕ್ಸ್-ಗಾಸ್ಟೊ ಎಂಬ ಎರಡು ಕಠಿಣ ಬಗೆಯ ಬಾಲ್ಯದ ಮೂರ್ಛೆರೋಗಗಳಿಗೆ. 2020ರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಮೂರನೆಯದು ಸೇರಿತು. ಸಾಮಾನ್ಯವಾಗಿ ಬರುವ, ಎರಡು ಮಾತ್ರೆಯಲ್ಲಿ ಹತೋಟಿಗೆ ಸಿಗುವ ಫಿಟ್ಸಿಗೆ ಆ ಒಪ್ಪಿಗೆಯಿಲ್ಲ.

ಇಷ್ಟರ ಹಿಂದೆ ಇದ್ದದ್ದು ಒಂದು ಮಗುವಿನ ಕಥೆ. ಅಮೆರಿಕದ ಕೊಲೊರಾಡೊದ ಶಾರ್ಲಟ್ ಫಿಗಿ ಎಂಬ ಹುಡುಗಿಗೆ ಡ್ರಾವೆಟ್ ಇತ್ತು. ವಾರಕ್ಕೆ ಮುನ್ನೂರು ಸಲ ಬರುತ್ತಿದ್ದ ಫಿಟ್ಸು ಭಂಗಿಯ ಎಣ್ಣೆಯಿಂದ ತಿಂಗಳಿಗೆ ಎರಡು ಮೂರಕ್ಕೆ ಇಳಿಯಿತೆಂದು 2013ರಲ್ಲಿ ಸಿಎನ್‌ಎನ್ ವಾಹಿನಿ ತೋರಿಸಿದ ಮೇಲೆ ದೇಶದ ನಾನಾ ಕಡೆಯಿಂದ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಕೊಲೊರಾಡೊಗೆ ಹೊರಟವು. ಆ ಮಗುವಿಗೆ ಕೊಡುತ್ತಿದ್ದ ಬೇರೆ ಔಷಧಗಳನ್ನು ಕ್ರಮೇಣ ನಿಲ್ಲಿಸಲಾಯಿತು ಎಂಬುದೂ ನಿಜ. "ಮಾತ್ರೆ ಬಿಟ್ಟು ಎಣ್ಣೆ" ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಆದರೆ ಅದು ಒಂದು ಮಗು. ಒಂದು ಮಗುವಿನ ಕಥೆಯನ್ನು ನಂಬದ ವೈದ್ಯರು ಮುಂದೆ ಪರೀಕ್ಷೆ ಮಾಡಿ ನೋಡಿದರು. ಎಣ್ಣೆಯ ಪ್ರಚಾರ ಮಾಡುವವರು ಬಿಟ್ಟುಬಿಡುವ ಸಂಗತಿ ಇರುವುದು ಆ ಪರೀಕ್ಷೆಯಲ್ಲಿ.

ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 2017ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಡ್ರಾವೆಟ್ ಇದ್ದ 120 ಮಕ್ಕಳೂ ಹರೆಯದವರೂ ಇದ್ದರು. ಅರ್ಧ ಮಂದಿಗೆ ಸಿಬಿಡಿ, ಉಳಿದವರಿಗೆ ನೋಡಲು ಅದೇ ಥರ ಇದ್ದ ಬರಿಯ ದ್ರಾವಣ. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ಗೊತ್ತಿಲ್ಲ, ಕುಡಿಯುವವರಿಗೂ ಗೊತ್ತಿಲ್ಲ. ಸಿಬಿಡಿ ಗುಂಪಿನಲ್ಲಿ ತಿಂಗಳ ಸೆಳೆತಗಳ ನಡುಮಟ್ಟ 12.4ರಿಂದ 5.9ಕ್ಕೆ ಇಳಿಯಿತು, ಇನ್ನೊಂದರಲ್ಲಿ 14.9 ಇದ್ದದ್ದು 14.1 ಆಯಿತು. ಒಳ್ಳೆಯ ಫಲಿತಾಂಶ. ಆದರೆ ಆ ಮಕ್ಕಳೆಲ್ಲ ಎಣ್ಣೆಯ ಜೊತೆಗೆ ತಮ್ಮ ಎಂದಿನ ಮಾತ್ರೆಗಳನ್ನೂ ನುಂಗುತ್ತಿದ್ದರು, ಸರಾಸರಿ ಮೂರು ಬಗೆಯವನ್ನು. ಒಪ್ಪಿಗೆಗೆ ಆಧಾರವಾದ ಪರೀಕ್ಷೆಗಳು ನಡೆದದ್ದೆಲ್ಲ ಹೀಗೆ: ಮಾತ್ರೆಯ ಮೇಲೆ ಎಣ್ಣೆ. ಮಾತ್ರೆಯ ಬದಲು ಎಣ್ಣೆ ಕೊಟ್ಟು ಅವರು ನೋಡಲಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಆರೇಳು ವರ್ಷದ ಹುಡುಗನೊಬ್ಬನ ತಾಯಿ ನನ್ನ ಅಂಗಡಿಗೆ ಬರುತ್ತಾರೆ. ಹುಡುಗನಿಗೆ ಕ್ಲೋಬಾಝಮ್ (ನೀವು ಫ್ರಿಸಿಯಂ ಎಂದು ಕೇಳುವುದು ಅದೇ) ಮತ್ತು ವ್ಯಾಲ್‌ಪ್ರೊಯೇಟ್ ನಡೆಯುತ್ತಿತ್ತು. ಒಂದು ಸಂಜೆ ಅವನನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದರು. ಅಷ್ಟು ದೊಡ್ಡ ಹುಡುಗ, ಕೈಕಾಲು ಜೋತುಬಿದ್ದಿದ್ದವು. ತೆರೆದ ಬಾಯಿಂದ ಇಳಿದ ಜೊಲ್ಲಿನಿಂದ ಅಮ್ಮನ ಸೆರಗು ಒಂದು ಅಂಗೈಯಗಲ ಒದ್ದೆಯಾಗಿತ್ತು. "ಫಿಟ್ಸ್ ಕಮ್ಮಿ ಆಗಿದೆ ಅಣ್ಣಾ, ಎಣ್ಣೆ ಕೆಲಸ ಮಾಡ್ತಿದೆ. ಆದ್ರೆ ಇವನು ಎಚ್ಚರಾನೇ ಇರಲ್ಲ. ಊಟಕ್ಕೆ ಕೂರಿಸಿದರೂ ತುತ್ತು ಬಾಯಲ್ಲೇ ಇಟ್ಟುಕೊಂಡು ನಿದ್ದೆ ಮಾಡ್ತಾನೆ." ಎಣ್ಣೆಯನ್ನು ಅಮೆರಿಕದಲ್ಲಿರುವ ಅವರ ಭಾವ ಊರಿಗೆ ಬಂದಾಗ ತಂದುಕೊಟ್ಟಿದ್ದರು. ಮೊದಲು ಹನಿ ಲೆಕ್ಕ, ಆಮೇಲೆ ಅರ್ಧ ಡ್ರಾಪರ್, ಈಗ ಹೊತ್ತಿಗೆ ಎರಡು ಡ್ರಾಪರ್. ಫಿಟ್ಸು ಇಳಿದ ಖುಷಿಯಲ್ಲಿ ಏರಿಸುತ್ತಾ ಹೋಗಿದ್ದರು. ಡಾಕ್ಟರಿಗೆ ತಿಳಿಸಿರಲಿಲ್ಲ, ತೂಕಡಿಕೆ ರೋಗದ್ದೇ ಇರಬಹುದೆಂದು ಅವರು ಇಇಜಿ ಬರೆದುಕೊಟ್ಟಿದ್ದರು.

ಒಳಗೆ ಏನಾಗುತ್ತದೆ ನೋಡಿ. ಕ್ಲೋಬಾಝಮ್ ಹೊಟ್ಟೆಗೆ ಹೋದ ಮೇಲೆ ಯಕೃತ್ತು ಅದನ್ನು ನಾರ್‌ಕ್ಲೋಬಾಝಮ್ ಎಂಬ ಇನ್ನೊಂದು ವಸ್ತುವಾಗಿ ಬದಲಿಸುತ್ತದೆ. ಅದಕ್ಕೂ ಫಿಟ್ಸು ತಡೆಯುವ ಶಕ್ತಿಯಿದೆ, ನಿದ್ದೆ ತರಿಸುವ ಗುಣವೂ ಇದೆ. ಮೂಲ ಔಷಧಕ್ಕಿಂತ ಹೆಚ್ಚು ಕಾಲ ರಕ್ತದಲ್ಲಿ ನಿಲ್ಲುತ್ತದೆ. ಅದನ್ನು ಒಡೆದು ಹೊರಹಾಕಬೇಕಾದದ್ದು ಸಿವೈಪಿ2ಸಿ19 ಎಂಬ ಕಿಣ್ವ. ಸಿಬಿಡಿ ಈ ಕಿಣ್ವದ ಕೈಕಟ್ಟುತ್ತದೆ. ಮಳೆ ಹೆಚ್ಚಾಗದೆ ಮೋರಿ ಕಟ್ಟಿಕೊಂಡು ಅಂಗಳದಲ್ಲಿ ನೀರು ಏರಿದ ಹಾಗೆ, ನೀವು ಮಾತ್ರೆ ಹೆಚ್ಚಿಸದಿದ್ದರೂ ರಕ್ತದಲ್ಲಿ ನಾರ್‌ಕ್ಲೋಬಾಝಮ್ ಮೂರು ಪಟ್ಟಿನ ತನಕ ಏರಬಹುದು. ಏಷ್ಯಾದವರಲ್ಲಿ ಈ ಕಿಣ್ವ ಹುಟ್ಟಿನಿಂದಲೇ ಮಂದವಾಗಿರುವವರ ಪ್ರಮಾಣ ಯುರೋಪಿನವರಿಗಿಂತ ಹೆಚ್ಚು. ಅಂಥವರಲ್ಲಿ ಎಣ್ಣೆ ಸೇರುವ ಮೊದಲೇ ಮಟ್ಟ ಎತ್ತರದಲ್ಲಿರುತ್ತದೆ. ಎಪಿಡಿಯೊಲೆಕ್ಸ್‌ನ ಪರೀಕ್ಷೆಗಳಲ್ಲಿ ಸಿಬಿಡಿ ತೆಗೆದುಕೊಂಡು ಕ್ಲೋಬಾಝಮ್ ಇಲ್ಲದವರಲ್ಲಿ ತೂಕಡಿಕೆ 16 ಪರ್ಸೆಂಟ್. ಎರಡೂ ಇದ್ದವರಲ್ಲಿ 46 ಪರ್ಸೆಂಟ್. ತೂಕಡಿಸುವ ಮಗು ಜೊಲ್ಲನ್ನು ನುಂಗುವುದಿಲ್ಲ. ನುಂಗದ ಜೊಲ್ಲು, ಬಾಯಲ್ಲೇ ಉಳಿದ ಅನ್ನ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ.

ಇನ್ನೊಂದು ಮಾತಿದೆ. ಆ ತಾಯಿ "ಎಣ್ಣೆ ಕೆಲಸ ಮಾಡ್ತಿದೆ" ಅಂದರಲ್ಲ, ಅದರಲ್ಲಿ ಎಷ್ಟು ಪಾಲು ಎಣ್ಣೆಯದು, ಎಷ್ಟು ಪಾಲು ಏರಿಹೋದ ಕ್ಲೋಬಾಝಮ್‌ನದು ಎಂದು ತಜ್ಞರೇ ವಾದಿಸುತ್ತಿದ್ದಾರೆ. ಯುರೋಪು 2019ರಲ್ಲಿ ಇದೇ ಸಿಬಿಡಿ ಔಷಧಕ್ಕೆ ಒಪ್ಪಿಗೆ ಕೊಡುವಾಗ ಡ್ರಾವೆಟ್ ಮತ್ತು ಲೆನಾಕ್ಸ್-ಗಾಸ್ಟೊಗೆ ಕ್ಲೋಬಾಝಮ್ ಜೊತೆಯಲ್ಲಿ ಮಾತ್ರ ಕೊಡತಕ್ಕದ್ದು ಎಂದು ಷರತ್ತು ಹಾಕಿತು. ಎಣ್ಣೆಯಿಂದ ಗುಣ ಕಂಡಿತೆಂದು ಕ್ಲೋಬಾಝಮ್ ಬಿಡಿಸಿದವರು ಯಾವುದರಿಂದ ಗುಣವಾಗುತ್ತಿತ್ತೋ ಅದನ್ನೇ ಬಿಡಿಸಿರಬಹುದು. ನನ್ನನ್ನು ಕೇಳಿದರೆ ಈ ಒಂದು ಸಂಗತಿಯನ್ನು ಪ್ರತಿ ಸೀಸೆಯ ಮೇಲೂ ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕು.

ಆ ತಾಯಿಯನ್ನು ಸೀಸೆಯ ಸಮೇತ ಅವತ್ತೇ ಡಾಕ್ಟರ ಬಳಿಗೆ ವಾಪಸು ಕಳಿಸಿದೆ. ಡಾಕ್ಟರು ಬೈದರಂತೆ, ನಿಜ. ಬೈದು, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ, ಕ್ಲೋಬಾಝಮ್ ಡೋಸು ಇಳಿಸಿ, ಎಣ್ಣೆಯನ್ನು ಯಾವ ಲೆಕ್ಕದಲ್ಲಿ ತಗ್ಗಿಸಬೇಕೆಂದು ಬರೆದುಕೊಟ್ಟರು. ಮುಂದಿನ ತಿಂಗಳು ಹುಡುಗ ನಡೆದುಕೊಂಡು ಬಂದು ನನ್ನ ಗಾಜಿನ ಕಪಾಟಿನ ಮೇಲೆಲ್ಲ ಬೆರಳಚ್ಚು ಮೂಡಿಸಿ ಹೋದ.

ರಕ್ತಪರೀಕ್ಷೆ ಯಾಕೆ ಎಂದರೆ ಅದು ವ್ಯಾಲ್‌ಪ್ರೊಯೇಟ್ ವಿಷಯ. ಈ ಔಷಧ ಒಂದೇ ಇದ್ದರೂ ಯಕೃತ್ತಿನ ಮೇಲೆ ಕಣ್ಣಿಟ್ಟಿರಬೇಕು, ಅದರಲ್ಲೂ ಎರಡು ವರ್ಷದೊಳಗಿನ ಮಕ್ಕಳಲ್ಲಿ. ಸಿಬಿಡಿ ಸೇರಿದರೆ ಎಸ್‌ಜಿಪಿಟಿ ಎಂಬ ಅಂಶ ಏರಬಹುದು. ಅದು ಸಹಜ ಮಿತಿಯ ಮೂರು ಪಟ್ಟು ದಾಟಿದವರು ವ್ಯಾಲ್‌ಪ್ರೊಯೇಟೂ ಕ್ಲೋಬಾಝಮೂ ಇಲ್ಲದೆ ಸಿಬಿಡಿ ತೆಗೆದುಕೊಂಡವರಲ್ಲಿ 3 ಪರ್ಸೆಂಟ್. ವ್ಯಾಲ್‌ಪ್ರೊಯೇಟ್ ಇದ್ದವರಲ್ಲಿ 21. ಎರಡೂ ಇದ್ದವರಲ್ಲಿ 30. ಆ ಹುಡುಗನ ಚೀಟಿಯಲ್ಲಿ ಇದ್ದದ್ದು ಎರಡೂ. ವಿದೇಶದಲ್ಲಿ ಈ ಔಷಧ ಶುರುಮಾಡುವ ಮೊದಲು ಒಮ್ಮೆ, ಆಮೇಲೆ ಒಂದು, ಮೂರು, ಆರನೆಯ ತಿಂಗಳಲ್ಲಿ ಯಕೃತ್ತಿನ ಪರೀಕ್ಷೆ ಮಾಡಿಸುವ ನಿಯಮವಿದೆ. ಮನೆಯಲ್ಲಿ ಗುಟ್ಟಾಗಿ ಎಣ್ಣೆ ಹಾಕಿಸಿಕೊಳ್ಳುವ ಮಗುವಿಗೆ ಆ ಪರೀಕ್ಷೆ ಬರೆದುಕೊಡುವವರು ಯಾರು? ವಾಂತಿ, ಊಟ ಸೇರದಿರುವುದು, ಸುಸ್ತು, ಮೂತ್ರ ಕಡುಹಳದಿ ಆಗುವುದು ಕಂಡರೆ ಅಜೀರ್ಣ ಎಂದುಕೊಂಡು ಓಂಕಾಳಿನ ಕಷಾಯ ಕೊಡುತ್ತೀರಿ. ಕಷಾಯದಿಂದ ಕೆಟ್ಟದ್ದೇನೂ ಇಲ್ಲ. ಹೋಗುವ ದಿನಗಳೇ ಕೆಟ್ಟದ್ದು. ವ್ಯಾಲ್‌ಪ್ರೊಯೇಟ್, ಸಿಬಿಡಿ ಎರಡೂ ಸೇರಿದಾಗ ರಕ್ತದ ಪ್ಲೇಟ್ಲೆಟ್ ಇಳಿಯುವುದೂ ಉಂಟು.

ಬೇರೆ ಔಷಧಗಳ ವಿಷಯದಲ್ಲಿ ಹೆಚ್ಚು ಬೆಳೆಸುವುದಿಲ್ಲ. ಟೊಪಿರಮೇಟ್, ಝೋನಿಸಮೈಡ್, ರುಫಿನಮೈಡ್ ಮಟ್ಟಗಳು ಏರಬಹುದು. ಕಾರ್ಬಮಝೆಪೀನ್ ತಿರುಗುಮುರುಗು: ಅದು ಸಿಬಿಡಿಯನ್ನೇ ಬೇಗ ಖಾಲಿ ಮಾಡುತ್ತದೆ. ಲೆವೆಟಿರಸಿಟಮ್, ಅಂದರೆ ಲೆವಿಪಿಲ್ ಮಟ್ಟಿಗೆ ಇಂಥ ಜಗಳ ಕಡಿಮೆ. ಮನೆಯಲ್ಲಿ ಅಜ್ಜನಿಗೋ ಅಜ್ಜಿಗೋ ರಕ್ತ ತೆಳುವಾಗಿಸುವ ವಾರ್ಫರಿನ್ ನಡೆಯುತ್ತಿದ್ದರೆ ಅವರ ಮಂಡಿನೋವಿಗೆಂದು ಇದೇ ಸೀಸೆಯನ್ನು ಎತ್ತಿಕೊಡಬೇಡಿ, ರಕ್ತಸ್ರಾವದ ಅಪಾಯವಿದೆ.

ಇನ್ನು ಆ ಸೀಸೆ. ಇಲ್ಲಿ ಮಾರುವ ಎಷ್ಟೋ ಸೀಸೆಗಳ ಮೇಲೆ ವಿಜಯಾ ಎಲೆಯ ಸಾರ ಇಷ್ಟು ಮಿಲಿಗ್ರಾಂ ಎಂದಿರುತ್ತದೆ. ಸಾರದಲ್ಲಿ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು ಎಂದು ಬಿಡಿಸಿ ಹೇಳಿರುವುದಿಲ್ಲ. ಒಂದು ಲೆಕ್ಕ ಹಾಕೋಣ. ಪರೀಕ್ಷೆಗೊಳಗಾದ ಔಷಧದ ಡೋಸು ಮಗುವಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 20 ಮಿಲಿಗ್ರಾಂ. 20 ಕಿಲೋ ಮಗುವಿಗೆ ಕನಿಷ್ಠ 200 ಮಿಲಿಗ್ರಾಂ. 30 ಎಂಎಲ್ ಸೀಸೆಯಲ್ಲಿ 1000 ಮಿಲಿಗ್ರಾಂ ಸಿಬಿಡಿ ಇದೆ ಎಂದೇ ಇಟ್ಟುಕೊಳ್ಳಿ. ಆ ಲೆಕ್ಕದಲ್ಲಿ ಸೀಸೆ ಐದು ದಿನಕ್ಕೆ ಖಾಲಿ. ನೀವು ಹೊತ್ತಿಗೆ ಐದು ಹನಿ ಹಾಕಿ ಎರಡು ತಿಂಗಳು ಓಡಿಸುತ್ತೀರಿ. ಹಾಗಿದ್ದರೆ ಮಗುವಿಗೆ ಸಿಗುತ್ತಿರುವುದು ಪರೀಕ್ಷೆಯಲ್ಲಿ ಫಲ ಕೊಟ್ಟ ಪ್ರಮಾಣದ ಹತ್ತರಲ್ಲಿ ಒಂದು ಪಾಲೂ ಇರಲಾರದು. ಸಾವಿರಾರು ರೂಪಾಯಿ ಹೋಯಿತು, ಹೋಗಲಿ. ಕೆಡುಕು ಶುರುವಾಗುವುದು ಹನಿ ಸಾಲದೆಂದು ಏರಿಸುವಾಗ. ಏರಿಸುತ್ತಿರುವುದು ಸಿಬಿಡಿಯನ್ನೋ ಟಿಎಚ್‌ಸಿಯನ್ನೋ ಎಂದು ಹೇಳುವವರಿಲ್ಲ. ಟಿಎಚ್‌ಸಿ ಬೆಳೆಯುವ ಮೆದುಳಿಗೆ ಒಳ್ಳೆಯದಲ್ಲ. ಮಂಕು, ತಲೆಸುತ್ತು, ಭಯ, ಇಲ್ಲದ್ದು ಕಾಣುವುದು ಅದರ ಕಡೆಯಿಂದ ಬರುವಂಥವು. ಮಾತು ಬಾರದ ಮಗು ಅದನ್ನು ಹೇಳಿಕೊಳ್ಳುವುದಾದರೂ ಹೇಗೆ.

ಅಮೆರಿಕದ ಸೀಸೆಯಾದರೆ ನಂಬಬಹುದು ಅನ್ನುವವರಿಗೆ: 2017ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಲ್ಲಿಯ ಸಂಶೋಧಕರು ಆನ್‌ಲೈನಿನಲ್ಲಿ ಮಾರುವ 84 ಸಿಬಿಡಿ ಉತ್ಪನ್ನಗಳನ್ನು ಕೊಂಡು ಪ್ರಯೋಗಾಲಯದಲ್ಲಿ ನೋಡಿದರು. ಲೇಬಲ್ಲಿನಲ್ಲಿ ಇದ್ದಷ್ಟೇ ಒಳಗೂ ಇದ್ದದ್ದು 31 ಪರ್ಸೆಂಟ್ ಸೀಸೆಗಳಲ್ಲಿ. 18 ಉತ್ಪನ್ನಗಳಲ್ಲಿ ಟಿಎಚ್‌ಸಿ ಸಿಕ್ಕಿತು. ಹಾಗೆ ಸೂಟ್‌ಕೇಸಿನಲ್ಲಿ ತಂದ ಎಣ್ಣೆ ವಿಮಾನ ನಿಲ್ದಾಣದಲ್ಲಿ ತಂದವರನ್ನೇ ಕಾನೂನಿನ ತೊಡಕಿಗೆ ಸಿಕ್ಕಿಸಬಹುದು ಎಂಬುದು ಬೇರೆ.

ಲೇಬಲ್ ಸರಿಯಿದ್ದರೂ ಮನೆಯ ಅಡುಗೆ ಲೆಕ್ಕ ತಪ್ಪಿಸುತ್ತದೆ. ಸಿಬಿಡಿ ಕೊಬ್ಬಿನಲ್ಲಿ ಕರಗುವ ವಸ್ತು. ಜಿಡ್ಡಿನ ಊಟದ ಜೊತೆ ಕೊಟ್ಟರೆ ಖಾಲಿ ಹೊಟ್ಟೆಯಲ್ಲಿ ಕೊಟ್ಟದ್ದಕ್ಕಿಂತ ನಾಲ್ಕು ಪಟ್ಟು ರಕ್ತಕ್ಕೆ ಸೇರುತ್ತದೆ. ಬೆಳಿಗ್ಗೆ ಬರಿಹೊಟ್ಟೆಗೆ ಐದು ಹನಿ, ರಾತ್ರಿ ತುಪ್ಪ ಸುರಿದ ಅನ್ನದ ಜೊತೆ ಐದು ಹನಿ ಎಂದರೆ ಎರಡೂ ಒಂದೇ ಡೋಸಲ್ಲ.

ಇಷ್ಟಾದರೂ ಇವೆಲ್ಲ ಸಂಭಾಳಿಸಬಹುದಾದ ಅಪಾಯಗಳು, ಡಾಕ್ಟರಿಗೆ ಗೊತ್ತಿದ್ದರೆ. ನನ್ನನ್ನು ನಿಜವಾಗಿ ಹೆದರಿಸುವುದು ಬೇರೆ. ತಿಂಗಳು ತಿಂಗಳೂ ಬರುವವರು ಒಂದು ತಿಂಗಳು ಬರುವುದಿಲ್ಲ. ಆಮೇಲೆ ಸಿಕ್ಕಾಗ "ಮಾತ್ರೆ ನಿಲ್ಲಿಸಿದೀವಿ, ಎಷ್ಟು ವರ್ಷ ಅಂತ ಕೆಮಿಕಲ್ ಹಾಕೋದು" ಅನ್ನುತ್ತಾರೆ. ಫಿಟ್ಸಿನ ಮಾತ್ರೆಯನ್ನು ತಟಕ್ಕನೆ ನಿಲ್ಲಿಸಬಾರದು. ಕ್ಲೋಬಾಝಮ್, ಗಾರ್ಡಿನಾಲ್ ಥರದವು ಇನ್ನೂ ಕಟು. ಅವುಗಳಿಗೆ ಒಗ್ಗಿಹೋದ ಮೆದುಳು ಒಮ್ಮೆಲೇ ಆಸರೆ ತಪ್ಪಿದರೆ ಫಿಟ್ಸಿನ ಮೇಲೆ ಫಿಟ್ಸು ತಂದು ನಿಲ್ಲದ ಸೆಳೆತಕ್ಕೆ ಬೀಳಿಸುತ್ತದೆ. ಐದು ನಿಮಿಷ ದಾಟಿದ ಸೆಳೆತ ಆಸ್ಪತ್ರೆಯ ಕೆಲಸ. ಕೈಗೆ ಕಬ್ಬಿಣ ಕೊಟ್ಟು, ಮೂಗಿಗೆ ಈರುಳ್ಳಿ ಹಿಡಿದು ಕಾಯುವ ಕೆಲಸವಲ್ಲ. ಆ ಹೊತ್ತಿನಲ್ಲಿ ಕ್ಯಾಶುವಾಲ್ಟಿಯ ಡಾಕ್ಟರು ಮಿಡಾಜೋಲಮ್, ಲೋರಾಜೆಪಾಮ್ ಕೊಡುತ್ತಾರೆ. ಅವೂ ನಿದ್ದೆ ಬರಿಸುವಂಥವೇ, ಉಸಿರಾಟ ತಗ್ಗಿಸುವಂಥವೇ. ಮಗುವಿನೊಳಗೆ ಇನ್ನೇನಿದೆ ಎಂದು ಅವರಿಗೆ ಗೊತ್ತಿರಬೇಕು. ಆಗ ನಾಚಿಕೊಳ್ಳಬೇಡಿ. ಎಣ್ಣೆಯನ್ನೂ ತಟಕ್ಕನೆ ನಿಲ್ಲಿಸಬೇಡಿ, ಅದಕ್ಕೂ ಇದೇ ನಿಯಮ. ಈ ಪತ್ರ ಓದಿ ಹೆದರಿ ಇವತ್ತು ರಾತ್ರಿಯೇ ಸೀಸೆಯನ್ನು ಬಚ್ಚಲಿಗೆ ಸುರಿದರೆ ನಾನು ಬರೆದದ್ದೇ ಮುಳುವಾಗುತ್ತದೆ.

"ನಾವು ಕಣ್ಣಾರೆ ನೋಡಿದೀವಿ ಅಣ್ಣಾ, ಕಮ್ಮಿ ಆಗಿದೆ" ಎಂಬ ಮಾತಿಗೆ ಎದುರಾಡುವುದು ಕಷ್ಟ. ಮಗುವಿನ ಪಕ್ಕ ಮಲಗಿ ರಾತ್ರಿಯಿಡೀ ಎಣಿಸುವವರು ನೀವು. ಆದರೂ ಎರಡು ಸಂಗತಿ ಕೇಳಿ. ಮೇಲೆ ಹೇಳಿದ 2017ರ ಪರೀಕ್ಷೆಯಲ್ಲಿ ಸಿಬಿಡಿ ಸಿಕ್ಕ ಮಕ್ಕಳಲ್ಲಿ 43 ಪರ್ಸೆಂಟ್‌ಗೆ ಸೆಳೆತ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯಿತು. ಬರಿಯ ದ್ರಾವಣ ಸಿಕ್ಕವರಲ್ಲೂ 27 ಪರ್ಸೆಂಟ್‌ಗೆ ಹಾಗೇ ಆಯಿತು. ಆ ಅಮ್ಮಂದಿರೂ ಕಣ್ಣಾರೆಯೇ ನೋಡಿದ್ದರು. ಮೂರ್ಛೆರೋಗ ತಾನಾಗಿ ಏರುತ್ತದೆ, ಇಳಿಯುತ್ತದೆ. ತೀರಾ ಏರಿದ ಹೊತ್ತಿನಲ್ಲೇ ನಾವು ಹೊಸದನ್ನು ಹುಡುಕಿ ಹೋಗುವುದರಿಂದ ಆಮೇಲಿನ ಇಳಿತ ಹೊಸದರ ಖಾತೆಗೆ ಜಮೆಯಾಗುತ್ತದೆ. ಇನ್ನೊಂದು ಕೊಲೊರಾಡೊದ್ದೇ. ಎಣ್ಣೆ ಕೊಡುತ್ತಿದ್ದ 75 ಮಕ್ಕಳ ದಾಖಲೆಗಳನ್ನು ಅಲ್ಲಿಯ ವೈದ್ಯರು ತೆರೆದು ನೋಡಿ 2015ರಲ್ಲಿ ಪ್ರಕಟಿಸಿದರು. ಎಣ್ಣೆಗಾಗಿಯೇ ಮನೆ ಬಿಟ್ಟು ಆ ರಾಜ್ಯಕ್ಕೆ ಬಂದ ಕುಟುಂಬಗಳಲ್ಲಿ ಫಿಟ್ಸು ಅರ್ಧಕ್ಕಿಂತ ಹೆಚ್ಚು ಇಳಿಯಿತು ಎಂದವರು 47 ಪರ್ಸೆಂಟ್. ಮೊದಲಿನಿಂದ ಅಲ್ಲೇ ವಾಸವಿದ್ದವರಲ್ಲಿ 22. ಎಲ್ಲವನ್ನೂ ಬಿಟ್ಟು ಬಂದವರಿಗೆ ಗುಣ ಹೆಚ್ಚು ಕಂಡಿತು. ಅವರನ್ನು ನೋಡಿ ನಗುವ ಮನಸ್ಸು ನನಗಿಲ್ಲ. ಆಟೋ ಚಾರ್ಜಿಗೆ ಲೆಕ್ಕ ಹಾಕುವ ಮನೆಯವರು ಅಷ್ಟು ದುಡ್ಡಿನ ಸೀಸೆ ತಂದಾಗ ಅದು ಕೆಲಸ ಮಾಡಲೇಬೇಕು ಅನ್ನಿಸುವುದು ಯಾರಿಗೆ ಗೊತ್ತಿಲ್ಲ?

ಕೆಲವರು ಆಯುರ್ವೇದದ ಹೆಸರು ಹೇಳುತ್ತಾರೆ, ಋಷಿಮುನಿಗಳ ಕಾಲದ್ದು, ಸೈಡ್ ಎಫೆಕ್ಟ್ ಇಲ್ಲ ಎಂದು. ಆಯುರ್ವೇದ ಹಾಗೆ ಹೇಳುವುದಿಲ್ಲ. ಭಂಗಿಯನ್ನು ಶುದ್ಧಿಮಾಡಿಯೇ ಬಳಸಬೇಕೆಂಬ ಕ್ರಮ ಅಲ್ಲಿದೆ. ನಮ್ಮ ಔಷಧ ಕಾನೂನಿನ ಇ1 ಪಟ್ಟಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿ. ದತ್ತೂರಿ, ಕಾಸರ್ಕ, ವತ್ಸನಾಭಿಗಳ ಸಾಲಿನಲ್ಲೇ ಭಂಗಿಯೂ ಇದೆ. ಅಂಥ ದ್ರವ್ಯವಿರುವ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸತಕ್ಕದ್ದು ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕಬೇಕೆಂಬ ನಿಯಮವಿದೆ. ಕನ್ನಡದಲ್ಲಿ ಹಾಕಬೇಕೆಂದಿಲ್ಲ, ಹಾಗಾಗಿ ನಾನು ಹೇಳುತ್ತಿದ್ದೇನೆ. 1839ರಲ್ಲಿ ಕಲ್ಕತ್ತೆಯಲ್ಲಿ ಓಶಾಗ್ನೆಸಿ ಎಂಬ ವೈದ್ಯ 40 ದಿನದ ಹಸುಗೂಸಿನ ಸೆಳೆತಕ್ಕೆ ಭಂಗಿಯ ಅರ್ಕವನ್ನು ಹನಿ ಹನಿಯಾಗಿ ಕೊಟ್ಟದ್ದು ಪುಸ್ತಕಗಳಲ್ಲಿದೆ, ಪ್ರಚಾರದವರು ಅದನ್ನೂ ಎತ್ತಿಕೊಂಡಿದ್ದಾರೆ. ಹನಿ ಎಣಿಸುತ್ತಿದ್ದವರು ವೈದ್ಯರೇ ಎಂಬುದನ್ನು ಸೇರಿಸಿ ಓದಿಕೊಳ್ಳಿ.

"ಭಂಗಿಗೆ ಹೈಕೋರ್ಟೇ ಪರ್ಮಿಷನ್ ಕೊಟ್ಟಿದೆ" ಎಂಬುದೂ ಕೇಳಿಬರುತ್ತದೆ. 2022ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ, ಭಂಗಿ 1985ರ ಮಾದಕವಸ್ತು ಕಾಯ್ದೆಯಡಿ ನಿಷೇಧಿತವೆಂದು ಎಲ್ಲಿಯೂ ಇಲ್ಲ ಎಂದದ್ದು ನಿಜ. ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಹೂಬಿಟ್ಟ ತುದಿಗಳು. ತುದಿಯಿಲ್ಲದ ಬರಿಯ ಎಲೆ, ಬೀಜ ಅದರೊಳಗೆ ಬರುವುದಿಲ್ಲ. ಅಲ್ಲಿ ತೀರ್ಮಾನವಾದದ್ದು ಒಬ್ಬ ಆರೋಪಿಯ ಜಾಮೀನು. ವ್ಯಾಲ್‌ಪ್ರೊಯೇಟ್ ಕುಡಿಯುವ ಮಗುವಿನ ಯಕೃತ್ತಿನ ಮೊಕದ್ದಮೆ ನ್ಯಾಯಾಲಯದ ಮುಂದೆ ಇರಲಿಲ್ಲ.

ನೀವು ಡಾಕ್ಟರಿಂದ ಯಾಕೆ ಮುಚ್ಚಿಡುತ್ತೀರಿ ಎಂಬುದು ನನಗೆ ಗೊತ್ತು. ನಿಮ್ಹಾನ್ಸ್‌ನವರು ಬೆಂಗಳೂರು ನಗರ, ಗ್ರಾಮಾಂತರದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮೂರ್ಛೆರೋಗ ಸಾವಿರಕ್ಕೆ ಪಟ್ಟಣದಲ್ಲಿ 5.7, ಹಳ್ಳಿಯಲ್ಲಿ 11.9 ಇತ್ತು. ರೋಗ ಹಳ್ಳಿಯಲ್ಲಿ ಎರಡು ಪಟ್ಟು, ನರರೋಗ ತಜ್ಞರೆಲ್ಲ ಪಟ್ಟಣದಲ್ಲಿ. ಬೆಳಗಿನ ಜಾವದ ಬಸ್ಸು ಹತ್ತಿ ಬಂದು, ಮಧ್ಯಾಹ್ನದವರೆಗೆ ಕೂತು, ಒಳಗೆ ಹೋದರೆ ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ಬೈಗುಳವೂ ಸೇರಿದರೆ ಮುಂದಿನ ಸಲ ಬಾಯಿ ಬಿಡುವವರು ಯಾರು? ಈ ಪತ್ರವನ್ನು ಡಾಕ್ಟರುಗಳೂ ಓದುತ್ತಿದ್ದರೆ ಒಂದು ಅರಿಕೆ: "ಬೇರೆ ಏನಾದರೂ ಕೊಡುತ್ತಿದ್ದೀರಾ, ಕೊಟ್ಟರೆ ಬೈಯಲ್ಲ" ಎಂದು ನೀವೇ ಕೇಳಿ. ಔಷಧಗಳ ನಡುವಿನ ಜಗಳ ಇಇಜಿಯಲ್ಲಿ ಬರೆದು ಬರುವುದಿಲ್ಲ, ಅಮ್ಮನ ಬಾಯಲ್ಲೇ ಬರಬೇಕು. ಮೂರು ನಾಲ್ಕು ಮಾತ್ರೆಗೂ ಬಗ್ಗದ ಫಿಟ್ಸಾದರೆ ಪಥ್ಯದ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಏನಾದರೂ ಆಗುವಂತಿದೆಯೇ ಎಂಬ ಮಾತನ್ನೂ ಆಗಲೇ ಎತ್ತಿ. ದಾರಿ ಮುಚ್ಚಿತು ಅಂದುಕೊಂಡವರೇ ಸೀಸೆಯ ಕಡೆಗೆ ತಿರುಗುತ್ತಾರೆ.

ಮುಂದಿನ ಸಲ ಹೋಗುವಾಗ ಸೀಸೆಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ಹಿಂದಿನ ಸೀಸೆ ಮುಗಿದಿದ್ದರೆ ಅದರ ಡಬ್ಬಿ, ಅದೂ ಇಲ್ಲದಿದ್ದರೆ ಮೊಬೈಲಿನಲ್ಲಿ ಲೇಬಲ್ಲಿನ ಫೋಟೋ, ಬ್ಯಾಚ್ ನಂಬರ್ ಕಾಣುವ ಹಾಗೆ. ಯಾವತ್ತು ಶುರು, ಹೊತ್ತಿಗೆ ಎಷ್ಟು, ಊಟಕ್ಕೆ ಮೊದಲೋ ನಂತರವೋ, ಯಾವಾಗ ಏರಿಸಿದ್ದು ಎಂದು ಕ್ಯಾಲೆಂಡರಿನ ಮೇಲೇ ಬರೆದಿಡಿ. ಫಿಟ್ಸು ಬಂದ ದಿನಕ್ಕೂ ಅಲ್ಲೇ ಗುರುತು ಹಾಕಿ. ಆಯುರ್ವೇದದ ವೈದ್ಯರು ಕೊಟ್ಟದ್ದಾದರೆ ಅವರಿಗೂ ಮಾತ್ರೆಗಳ ಪೂರ್ತಿ ಚೀಟಿ ತೋರಿಸಿ. ಅರ್ಧ ಚೀಟಿ ನೋಡಿದವರು ಅರ್ಧ ಸಲಹೆ ಕೊಡುತ್ತಾರೆ. ಮಾತು ಆಡಲು ಸಂಕೋಚವಾದರೆ ಸೀಸೆಯನ್ನು ಡಾಕ್ಟರ ಮೇಜಿನ ಮೇಲಿಟ್ಟು ಸುಮ್ಮನೆ ಕೂತರೂ ಆಯಿತು, ಅವರೇ ಕೇಳುತ್ತಾರೆ. ಮಗು ವಿಪರೀತ ತೂಕಡಿಸುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ, ಕಣ್ಣು ಹಳದಿಯಾಗಿದ್ದರೆ ಮುಂದಿನ ತಾರೀಖಿಗೆ ಕಾಯಬೇಡಿ, ಇವತ್ತೇ ಹೊರಡಿ.

ಸಿರಿಂಜು ಕೇಳಿದರೆ ಇನ್ನು ಮುಂದೆಯೂ ಕೊಡುತ್ತೇನೆ. ಚಮಚದಲ್ಲಿ ಅಂದಾಜಿನಲ್ಲಿ ಸುರಿಯುವುದಕ್ಕಿಂತ ಅಳೆದು ಕೊಡುವುದು ಮೇಲು. ಜೊತೆಗೆ ಸೀಸೆಯ ಹೆಸರು ಕೇಳಿ ನಿಮ್ಮ ಚೀಟಿಯ ಹಿಂದೆ ಬರೆಯುತ್ತೇನೆ, ಡಾಕ್ಟರ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ. ಬೇಜಾರು ಮಾಡಿಕೊಳ್ಳಬೇಡಿ.

ಇಂತಿ,
ನಿಮ್ಮ ಮೆಡಿಕಲ್ ಸ್ಟೋರಿನವನು
ದಾವಣಗೆರೆ